ಸಿಪಿ ಇರೋ ಮಗಳಿಗೆ ಸಕಲೇಶಪುರ ಕಡೆ ಥೆರಪಿ, ಸಹಾಯ ಏನಾದ್ರೂ ಸಿಗುತ್ತಾ?

ಯಸಳೂರು ಅಮ್ಮ:
ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ, ಸೆರೆಬ್ರಲ್ ಪಾಲ್ಸಿ (ಸಿಪಿ, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದೇ ಇರೋದು) ಅಂದಿದಾರೆ. ಎತ್ಕೊಂಡ್ರೆ ಎರಡೂ ಕಾಲು ಕತ್ತರಿ ಥರ ಬಿಗಿದ್ಕೊಳ್ಳುತ್ತೆ, ಕೂರಿಸಿದ್ರೆ ಹಿಂದಕ್ಕೆ ಬೀಳ್ತಾಳೆ. ವಾರಕ್ಕೆ ಮೂರು ದಿನ ಫಿಸಿಯೋ ಅಂತೆ, ಹಾಸನಕ್ಕೆ ಹೋಗಿ ಬರೋದ್ರಲ್ಲೇ ದಿನ ಮುಗಿಯುತ್ತೆ, ಕಾಫಿ ಕುಯ್ಲು ಬೇರೆ ಶುರುವಾಗಿ ನಮ್ಮನೆಯವ್ರು ಬರೋಕಾಗಲ್ಲ, ಒಬ್ಳೇ ಎತ್ಕೊಂಡು ಬಸ್ ಹತ್ಬೇಕು. ಅತ್ತೆ ನೋಡಿದ್ರೆ ಎಣ್ಣೆ ನೀವಿಸಿದ್ರೆ ಸರಿಹೋಗುತ್ತೆ ಅಂತಾರೆ. ಹತ್ರದಲ್ಲಿ ಏನಾದ್ರೂ ಇದೆಯಾ?

ಬೇಲೂರಿನವಳು:
ನನ್ನ ಮಗನಿಗೀಗ 11. ಜಿಲ್ಲಾಸ್ಪತ್ರೆಲಿ ಡಿಇಐಸಿ (ಮಕ್ಕಳ ಬೆಳವಣಿಗೆ ತೊಂದರೆ ನೋಡೋ ಕೇಂದ್ರ) ಎಲ್ಲಿ ಅಂತ ಕೇಳಿ, 18 ವರ್ಷದವರೆಗೂ ಮಕ್ಕಳನ್ನ ಫ್ರೀಯಾಗಿ ನೋಡ್ತಾರೆ. ದೂರದಿಂದ ಬರ್ತೀವಿ, ಮನೇಲಿ ಮಾಡೋ ವ್ಯಾಯಾಮ ಹೇಳ್ಕೊಡಿ ಅಂತ ಕೂತ್ಬಿಡಿ, ಅವರು ಮಾಡೋದನ್ನ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ. ನಂಗೆ ಅಲ್ಲಿ ಹೇಳ್ಕೊಟ್ಟಿದ್ದು, ಗೋಡೆ ಮೂಲೆಗೆ ಕೂರಿಸಿ ಕಾಲ ಮಧ್ಯೆ ಸುತ್ತಿದ ಟವೆಲ್ ಇಡೋದು. ಎತ್ಕೊಳ್ಳೋವಾಗ ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸ್ಕೊಂಡ್ರೆ ಬಿಗಿ ಕಮ್ಮಿಯಾಗುತ್ತೆ, ಬಸ್ಸಲ್ಲೂ ಹಂಗೇ. ಮಲಗಿಸ್ಕೊಂಡು ಮಾತ್ರ ಊಟ ತಿನ್ನಿಸ್ಬೇಡಿ, ನೆತ್ತಿಗೇರುತ್ತೆ.

ಪಂಚಾಯ್ತಿ ಕೆಲಸದವ:
ಅಕ್ಕ, ನಿಮ್ಮ ಗ್ರಾಮ ಪಂಚಾಯ್ತಿಗೆ ವಿಆರ್‌ಡಬ್ಲ್ಯೂ (ಊರಿನ ಪುನರ್ವಸತಿ ಕಾರ್ಯಕರ್ತರು) ಯಾರು ಅಂತ ಕೇಳಿ, ಅಂಗವಿಕಲರ ಅರ್ಜಿ ಓಡಾಟ ನೋಡೋದು ಅವರೇ, ಇದೇ ಕೆಲಸಕ್ಕೆ ತಾಲ್ಲೂಕಲ್ಲಿ ಎಂಆರ್‌ಡಬ್ಲ್ಯೂ ಇರ್ತಾರೆ. ಮೊದ್ಲು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಅದಿಲ್ದೆ ಪೆನ್ಷನ್ನೂ ಇಲ್ಲ ಬಸ್ ಪಾಸೂ ಇಲ್ಲ. ಆಮೇಲೆ ನಿರಾಮಯ ಮಾಡಿಸಿ, ಸಿಪಿ, ಆಟಿಸಂ ಇರೋರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ದು, ವರ್ಷಕ್ಕೆ 1 ಲಕ್ಷದವರೆಗೆ ವಿಮೆ, ಥೆರಪಿ ಖರ್ಚಿಗೂ ಒಂದು ಮಿತಿವರೆಗೆ ಬರುತ್ತೆ. ಬಿಲ್ ಒಂದೂ ಬಿಸಾಡ್ಬೇಡಿ. ಶಾಲೆ ವಯಸ್ಸಿಗೆ ಬಂದಾಗ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ, ಅಂದ್ರೆ ಬಿಆರ್‌ಸಿಲಿ ಬಿಐಇಆರ್‌ಟಿ (ವಿಶೇಷ ಅಗತ್ಯ ಇರೋ ಮಕ್ಕಳನ್ನ ನೋಡೋ) ಟೀಚರನ್ನ ಹಿಡೀರಿ, ಶಾಲೆಗೆ ಹೋಗೋಕಾಗದ ಮಕ್ಕಳಿಗೆ ಮನೇಲೇ ಪಾಠ ಅಂತ ವ್ಯವಸ್ಥೆ ಇದೆ.

ಒಂದೇ ಬೆರಳು, ಚಿಕ್ಕಮಗಳೂರು:
ನಂಗೇ ಸಿಪಿ, 34 ವರ್ಷ, ಇದನ್ನ ಟೈಪ್ ಮಾಡೋಕೆ ಅರ್ಧ ಗಂಟೆ ಹಿಡೀತು 😄 ಎಣ್ಣೆ ನೀವಿದ್ರೆ ಹಾಯಾಗಿರುತ್ತೆ, ಅದು ಸರಿ, ಆದ್ರೆ ತೊಂದರೆ ಇರೋದು ಮಿದುಳಲ್ಲಿ, ಕಾಲನ್ನ ಜೋರಾಗಿ ಎಳೆದು ಬಿಡಿಸೋಕೆ ಮಾತ್ರ ಬಿಡ್ಬೇಡಿ. ಇನ್ನೊಂದು. ಚಿಕ್ಕೋನಿದ್ದಾಗ ಮನೆಗೆ ಬಂದೋರೆಲ್ಲ ಇವನಿಗೆ ಗೊತ್ತಾಗುತ್ತಾ ಅಂತ ಅಮ್ಮನ್ನ ಕೇಳೋರು, ನಾನು ಅಲ್ಲೇ ಕೂತು ಕೇಳಿಸ್ಕೋತಿದ್ದೆ. ಮಗಳ ಮುಂದೆ ಹಂಗೆ ಮಾತಾಡೋಕೆ ಬಿಡ್ಬೇಡಿ.

ಯಸಳೂರು ಅಮ್ಮ:
ನಿನ್ನೆ ಸಂಜೆ ಮೂಲೇಲಿ ಕೂರಿಸ್ದೆ, ಎರಡು ನಿಮಿಷ ಕೂತ್ಲು, ಕೈಲಿದ್ದ ಬಿಸ್ಕತ್ತನ್ನ ನಾಯಿಗೆ ಎಸೆದು ನಕ್ಕಳು. ಅತ್ತೆ ಈಗ ಅವ್ರೇ ಟವೆಲ್ ಸುತ್ತಿಡ್ತಿದಾರೆ. ವಿಆರ್‌ಡಬ್ಲ್ಯೂ ಪಂಚಾಯ್ತಿಲಿ ದಿನಾ ಸಿಕ್ತಾರಾ, ಇಲ್ಲ ಫೋನ್ ಮಾಡಿ ಹೋಗ್ಬೇಕಾ?