ಮದುವೆಗೆ ಮುಂಚೆ 'ಜೀವನಾಂಶ ಕೇಳಲ್ಲ' ಅಂತ ಬರೆದುಕೊಟ್ಟರೆ ನಡೆಯುತ್ತಾ?

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ಬೆಂಗಳೂರಲ್ಲಿ ನನ್ನ ತಂಗಿ ಮದುವೆ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ. ಈಗ ಗಂಡಿನ ಕಡೆಯವರು ಸ್ಟಾಂಪ್ ಪೇಪರ್ ತಂದಿದ್ದಾರೆ. ಮುಂದೆ ಬೇರೆಯಾದರೆ ತನಗಾಗಲಿ ಮಕ್ಕಳಿಗಾಗಲಿ ಜೀವನಾಂಶ ಕೇಳುವುದಿಲ್ಲ ಅಂತ ಅವಳು ಸಹಿ ಹಾಕಬೇಕಂತೆ. ನೋಟರಿ ಮಾಡಿಸಿದರೆ ಕೋರ್ಟ್ ಒಪ್ಪುತ್ತಾ?

ಉತ್ತರ (ವಕೀಲರು): ಒಪ್ಪುವುದಿಲ್ಲ. ಮಕ್ಕಳ ವಿಷಯದಲ್ಲಂತೂ ಮಾತೇ ಇಲ್ಲ. ಅದು ಮಗುವಿನ ಹಕ್ಕು, ಇನ್ನೂ ಹುಟ್ಟದ ಮಗುವಿನ ಪರವಾಗಿ ಅದನ್ನು ಬಿಟ್ಟುಕೊಡಲು ಅಪ್ಪನಿಗೂ ಅಧಿಕಾರವಿಲ್ಲ, ಅಮ್ಮನಿಗೂ ಇಲ್ಲ. ನೋಟರಿ ಸೀಲು ಸಹಿ ಯಾರದ್ದು ಅಂತ ಹೇಳುತ್ತದೆ ಅಷ್ಟೇ.

ಹೆಂಡತಿಯ ಜೀವನಾಂಶಕ್ಕೂ ಹೀಗೇ. ನಮ್ಮ ಕರ್ನಾಟಕದ್ದೇ ಒಂದು ಕೇಸಲ್ಲಿ ಹೆಂಡತಿ 8,000 ರೂಪಾಯಿ ಒಟ್ಟಿಗೆ ತಗೊಂಡು, ಇನ್ನು ಮುಂದೆ ಕೇಳುವುದಿಲ್ಲ ಅಂತ ಕೋರ್ಟಿನಲ್ಲೇ ರಾಜಿ ಮಾಡಿಕೊಂಡಿದ್ದರು. ಆಮೇಲೆ ಮತ್ತೆ ಕೇಳಿದಾಗ ಗಂಡ ಆ ರಾಜಿ ಪತ್ರ ಮುಂದಿಟ್ಟ. 2013ರಲ್ಲಿ ಸುಪ್ರೀಂ ಕೋರ್ಟ್ ಅಂಥ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ, ನಡೆಯುವುದಿಲ್ಲ ಅಂದಿತು. ಕೋರ್ಟ್ ಮುಂದೆ ಆದ ರಾಜಿಯ ಗತಿಯೇ ಇದಾದರೆ ಮದುವೆಗೆ ಮುಂಚಿನ ಕಾಗದದ ಗತಿ ಏನು, ಅಲ್ವಾ?

ಪ್ರಶ್ನೆ: ಅವಳಿಗೆ ಒಳ್ಳೆ ಸಂಬಳ ಇದೆ ಮೇಡಂ. ಹಾಗಾದರೆ?

ಉತ್ತರ: ಅದು ಲೆಕ್ಕಕ್ಕೆ ಬರುತ್ತದೆ. 2020ರಿಂದ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್‌ನಲ್ಲಿ ತೋರಿಸಬೇಕು. ಅವಳ ಸಂಬಳ ಸಾಕಷ್ಟಿದ್ದರೆ ಅವಳಿಗೆ ಕಡಿಮೆ ಸಿಗಬಹುದು, ಸಿಗದೆಯೂ ಇರಬಹುದು. ಮಗುವಿನ ಖರ್ಚನ್ನು ಇಬ್ಬರ ಆದಾಯ ನೋಡಿ ಹಂಚಬಹುದು. ಆದರೆ ಮಗು ಹುಟ್ಟಿ ಅವಳು ಕೆಲಸ ಬಿಟ್ಟರೆ? ಕೋರ್ಟ್ ನೋಡುವುದು ಆವತ್ತಿನ ಪರಿಸ್ಥಿತಿಯನ್ನು.

ಇನ್ನೊಬ್ಬರ ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಇಲ್ಲಿ ಪ್ರಿನಪ್, ಅಂದರೆ ಮದುವೆಗೆ ಮುಂಚೆ ಮಾಡಿಕೊಳ್ಳುವ ಒಪ್ಪಂದ, ಮಾಮೂಲಿ.

ಉತ್ತರ: ಅಲ್ಲಿ ಆಸ್ತಿಗೆ ನಡೆಯುತ್ತದೆ. ಮಕ್ಕಳ ಹಕ್ಕಿಗೆ ಮಾತ್ರ ಅಲ್ಲೂ ಕೈ ಹಾಕುವಂತಿಲ್ಲ. ಸಂಗಾತಿಯ ಜೀವನಾಂಶ ಬಿಟ್ಟುಕೊಡುವ ಷರತ್ತು ನಿಲ್ಲಬೇಕಾದರೆ, ಬಿಟ್ಟುಕೊಡುವವರಿಗೆ ಸಹಿ ಹಾಕುವಾಗ ಸ್ವಂತ ವಕೀಲರು ಇರಲೇಬೇಕು. ಕೊನೆಯ ಕರಡು ಕೈಗೆ ಬಂದು 7 ದಿನ ಕಳೆಯುವ ತನಕ ಸಹಿ ಬೇಡ. ಇಷ್ಟೆಲ್ಲ ಆದರೂ, ಜಾರಿ ಮಾಡುವ ಹೊತ್ತಿಗೆ ತೀರಾ ಅನ್ಯಾಯ ಅನ್ನಿಸಿದರೆ ಕೋರ್ಟ್ ಆ ಷರತ್ತನ್ನು ತಳ್ಳಿಹಾಕಬಹುದು.

ಮೊದಲು ಕೇಳಿದವರಿಗೆ: ಹೇಗೂ ನಡೆಯಲ್ಲ ಅಂತ ಸುಮ್ನೆ ಸಹಿ ಹಾಕಿಬಿಡಬೇಡಿ. ನಾಳೆ ಅದನ್ನೇ ತೋರಿಸಿ ಹೆದರಿಸುತ್ತಾರೆ, ಎಷ್ಟೋ ಹೆಣ್ಣುಮಕ್ಕಳು ಆ ಹೆದರಿಕೆಗೇ ಕೋರ್ಟ್ ಮೆಟ್ಟಿಲು ಹತ್ತುವುದಿಲ್ಲ. ಆ ಕಾಗದದ ಫೋಟೋ ತೆಗೆದಿಟ್ಟುಕೊಳ್ಳಿ. ಬರೆಯುವುದಿದ್ದರೆ ಅವಳ ಒಡವೆ, ಉಡುಗೊರೆಗಳ ಪಟ್ಟಿ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ.