ಪಟ್ಟಿ ಕಳಿಸಿದರೆ ಆಯಿತೇ? ನಮ್ಮ ಬಳಗದ ಗುಂಪಿನಲ್ಲಿ ಶನಿವಾರ ನಡೆದ ಮಾತು

ಪುಣೆ ತಮ್ಮ: ಎಲ್ಲರಿಗೂ ನಮಸ್ಕಾರ. ನನಗೆ ತುಂಬಾ ಇಷ್ಟವಾದ ಹೊರದೇಶದ ಸಿನಿಮಾಗಳು ಇವು. ಬೈಸಿಕಲ್ ಥೀವ್ಸ್, ರಶೋಮನ್, ಟೋಕಿಯೊ ಸ್ಟೋರಿ, ಚಿಲ್ಡ್ರನ್ ಆಫ್ ಹೆವನ್, ಎ ಸೆಪರೇಷನ್, ಪ್ಯಾರಸೈಟ್. ದಯವಿಟ್ಟು ಎಲ್ಲರೂ ನೋಡಿ, ಬಿಡಬೇಡಿ.

ಗದಗ ಕಾಕಾ: ಇದರಲ್ಲಿ ಕನ್ನಡದ್ದು ಒಂದೂ ಇಲ್ಲವಲ್ಲೋ.

ಪುಣೆ ತಮ್ಮ: ಕಾಕಾ, ಇದು ಹೊರದೇಶದ ಪಟ್ಟಿ. ಕನ್ನಡದ್ದು ಬೇರೆ ಮಾಡೋಣ.

ಹಾವೇರಿ ಅತ್ತೆ: ಪ್ಯಾರಸೈಟ್ ನಮ್ಮ ಮನೆಯಲ್ಲಿ ಮಕ್ಕಳು ಹಾಕಿದ್ದರು. ಕೆಳಗೆ ಇಂಗ್ಲಿಷ್ ಸಾಲು ಬರುತ್ತದೆ, ಓದಿ ಮುಗಿಸುವುದರೊಳಗೆ ಹೋಗಿಬಿಡುತ್ತದೆ. ಮುಖ ನೋಡಬೇಕೋ ಅಕ್ಷರ ನೋಡಬೇಕೋ ತಿಳಿಯಲಿಲ್ಲ. ಅರ್ಧಕ್ಕೇ ಎದ್ದು ಹೋಗಿ ರೊಟ್ಟಿ ಬಡಿದೆ.

ಪುಣೆ ತಮ್ಮ: ಅತ್ತೆ, ನಾಲ್ಕು ಸಿನಿಮಾ ನೋಡಿದರೆ ರೂಢಿಯಾಗುತ್ತದೆ. ಪ್ಯಾರಸೈಟ್ ಮಾಡಿದ ಬಾಂಗ್ ಜೂನ್ ಹೋ ಅವರೇ ಹೇಳಿದ್ದಾರೆ, ಸಬ್‌ಟೈಟಲ್ ಅನ್ನೋದು ಒಂದಿಂಚು ಎತ್ತರದ ಅಡ್ಡಿ ಅಷ್ಟೇ, ದಾಟಿದರೆ ಎಷ್ಟೋ ಒಳ್ಳೆಯ ಸಿನಿಮಾ ಸಿಗುತ್ತವೆ ಅಂತ.

ನಾನು: ತಮ್ಮ, ಅವರು ಆ ಮಾತು ಯಾರಿಗೆ ಹೇಳಿದರು ನೋಡು. 2020ರ ಜನವರಿಯಲ್ಲಿ, ಅಮೆರಿಕದಲ್ಲಿ, ಗೋಲ್ಡನ್ ಗ್ಲೋಬ್ ಪ್ರಶಸ್ತಿಯ ವೇದಿಕೆಯ ಮೇಲೆ ಹೇಳಿದ್ದು. ಅಲ್ಲಿ ಕುಳಿತವರಿಗೆ ಕೆಳಗಿನ ಸಾಲು ತಮ್ಮದೇ ಭಾಷೆಯಲ್ಲಿ ಇರುತ್ತದೆ. ಓದುವ ಮನಸ್ಸು ಮಾಡಿದರೆ ಸಾಕು. ನಮ್ಮ ಅವ್ವನಿಗೆ ಹಾಗಲ್ಲ. ಅವಳು ದಿನಾ ಪೇಪರ್ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾಳೆ. ಲೈಬ್ರರಿಯಿಂದ ತಂದ ಕಾದಂಬರಿ ಎರಡು ರಾತ್ರಿ ಉಳಿಯುವುದಿಲ್ಲ. ಅಂಥವಳಿಗೆ ಓದುವ ರೂಢಿ ಮಾಡಿಕೋ ಅಂತ ಹೇಳುತ್ತೇವಾ? ಇರಾನಿನ ಸಿನಿಮಾ ಹಾಕಿದರೆ ಮಾತು ಪರ್ಶಿಯನ್, ಅಕ್ಷರ ಇಂಗ್ಲಿಷ್. ಒಂದೇ ಬಾಗಿಲಿಗೆ ಎರಡು ಕೀಲಿ. ಹಾಗೆ ಬಿಟ್ಟು ‘ಎಲ್ಲರೂ ನೋಡಿ’ ಅಂದರೆ ಆ ‘ಎಲ್ಲರೂ’ ಯಾರು?

ಅವ್ವ: ನಾನೂ ಓದುತ್ತಾ ಇದ್ದೇನೆ. ನನ್ನ ಹೆಸರು ಹಿಡಿದು ಜಗಳ ಆಡಬೇಡಿ.

ಬೆಂಗಳೂರು ಅಣ್ಣ: ಇದಕ್ಕೇ ಡಬ್ಬಿಂಗ್ ಬೇಕು ಅಂತ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದೇನೆ. 60ರ ದಶಕದಿಂದ ನಮ್ಮಲ್ಲಿ ಬೇರೆ ಭಾಷೆಯ ಸಿನಿಮಾ ಕನ್ನಡ ಮಾತಾಡಲು ಬಿಡಲಿಲ್ಲ. 2015ರಲ್ಲಿ ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂತ ಹೇಳಿದ ಮೇಲೆ ದಾರಿ ತೆರೆಯಿತು. ಈಗ ದೊಡ್ಡ ತೆಲುಗು, ತಮಿಳು ಸಿನಿಮಾ ಕನ್ನಡದಲ್ಲೇ ಬರುತ್ತವೆ. ಇರಾನಿನದೂ ಬರಲಿ, ಜಪಾನಿನದೂ ಬರಲಿ. ಚಿಕ್ಕವ್ವ ಆರಾಮಾಗಿ ಕೂತು ನೋಡಲಿ.

ನಾನು: ಅಣ್ಣ, ಡಬ್ಬಿಂಗಿಗೆ ನನ್ನ ತಕರಾರಿಲ್ಲ. ಕನ್ನಡ ಬಲ್ಲವರಿಗೆ ಅದೊಂದು ಹಕ್ಕೇ. ಆದರೆ ಡಬ್ಬಿಂಗ್ ದುಡ್ಡು ಇರುವ ಕಡೆ ಮಾತ್ರ ಆಗುತ್ತದೆ. 1953ರ ಟೋಕಿಯೊ ಸ್ಟೋರಿಗೆ ಯಾರು ಕನ್ನಡದ ದನಿ ಕೊಡಿಸುತ್ತಾರೆ? ಕಾಯುತ್ತಾ ಕೂತರೆ ಅವ್ವನಿಗೆ ಅದು ಸಿಗುವುದೇ ಇಲ್ಲ. ಇನ್ನೊಂದು ಮಾತು. ಸಣ್ಣ ಹುಡುಗನ ಅಳು, ಉಸಿರು, ತಡವರಿಸುವ ದನಿ, ಅದೆಲ್ಲ ಅವನದ್ದೇ ಇರಬೇಕು. ಇನ್ನೊಬ್ಬರ ದನಿ ಕೂರಿಸಿದರೆ ಆ ಹುಡುಗ ಅರ್ಧ ಹೋದಂತೆ.

ಬೆಂಗಳೂರು ಅಣ್ಣ: ಬೈಸಿಕಲ್ ಥೀವ್ಸ್ ಕಾಲದ ಇಟಲಿಯವರು ತಮ್ಮ ಸಿನಿಮಾಕ್ಕೆ ತಾವೇ ಸ್ಟುಡಿಯೋದಲ್ಲಿ ಆಮೇಲೆ ಮಾತು ಸೇರಿಸುತ್ತಿದ್ದರು. ಅವರಿಗೇ ಇಲ್ಲದ ಮಡಿ ನಿನಗೇಕೆ?

ನಾನು: ಅದು ನಿಜ. ಆದರೆ ಅವರು ಇಟಾಲಿಯನ್‌ಗೆ ಇಟಾಲಿಯನ್ನೇ ಸೇರಿಸಿದರು. ಹಾಗೆ ಬಿಡು, ಚಿಲ್ಡ್ರನ್ ಆಫ್ ಹೆವನ್ ನೆನಪಿದೆಯಲ್ಲ? 1997ರದ್ದು, ಮಜೀದ್ ಮಜೀದಿ ಮಾಡಿದ್ದು. ಅಣ್ಣ ಅಲಿ ತಂಗಿಯ ಬೂಟು ಕಳೆದುಕೊಂಡು ಬರುತ್ತಾನೆ. ಅಪ್ಪ ಅವ್ವನಿಗೆ ಗೊತ್ತಾಗಬಾರದು. ಸಣ್ಣ ಕೋಣೆ, ದೊಡ್ಡವರು ಅಲ್ಲೇ ಕೂತಿದ್ದಾರೆ. ಮಕ್ಕಳಿಬ್ಬರೂ ಶಾಲೆಯ ನೋಟ್‌ಬುಕ್‌ನಲ್ಲಿ ಬರೆದು ಬರೆದು ಒಬ್ಬರಿಗೊಬ್ಬರು ತೋರಿಸುತ್ತಾರೆ. ನಾನು ಶಾಲೆಗೆ ಏನು ಹಾಕಿಕೊಂಡು ಹೋಗಲಿ ಅಂತ ತಂಗಿ ಕೇಳುವುದು ಬರಹದಲ್ಲಿ. ಇಡೀ ಸಿನಿಮಾದ ಗಂಟು ಅಲ್ಲಿ ಬೀಳುತ್ತದೆ, ಬಾಯಿಂದ ಒಂದು ಮಾತಿಲ್ಲ. ಅಲ್ಲಿ ಡಬ್ಬಿಂಗ್ ಏನು ಮಾಡುತ್ತದೆ? ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರಲೇಬೇಕು.

ಗದಗ ಕಾಕಾ: ನೀವು ಡಬ್ಬಿಂಗ್, ಸಬ್‌ಟೈಟಲ್ ಅಂತ ಎಳೆದಾಡುತ್ತಾ ಕೂತಿದ್ದೀರಿ. ಇವು ಯಾವುದೂ ಇಲ್ಲದೆ ಈ ಕೆಲಸ ನಮ್ಮ ನಾಡಿನಲ್ಲೇ ನಡೆದಿದೆ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆಯ ಕೆ.ವಿ. ಸುಬ್ಬಣ್ಣ ಅವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ನಡುವಿನ ಊರು ಅದು. ಅಲ್ಲಿನ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದರು. ಅವರೆಲ್ಲ ಇಂಗ್ಲಿಷ್ ಪಂಡಿತರೇನು? ಮೊದಲು ಕಥೆ ಹೇಳಿ. ಆಮೇಲೆ ಸುಮ್ನೆ ನೋಡಲು ಬಿಡಿ. ಸಂಗ್ಯಾ ಬಾಳ್ಯಾ ಆಟಕ್ಕೆ ಹೋಗುವವರಿಗೆ ಸಂಗ್ಯಾನ ಕಥೆ ಹೇಗೆ ಮುಗಿಯುತ್ತದೆ ಅಂತ ಗೊತ್ತಿರುವುದಿಲ್ಲವೇ? ಗೊತ್ತಿದ್ದೇ ಬೆಳಗಿನವರೆಗೆ ಕೂರುತ್ತಾರೆ. ಕಥೆ ತಿಳಿದರೆ ಕಣ್ಣು ಬಿಡುವಾಗುತ್ತದೆ.

ಹಾವೇರಿ ಅತ್ತೆ: ಕಾಕಾ ಅವರ ಮಾತು ನನಗೆ ಸರಿ ಅನಿಸಿತು.

ಪುಣೆ ತಮ್ಮ: ಕಥೆ ಮೊದಲೇ ಹೇಳಿದರೆ ಮಜಾ ಹೋಗುವುದಿಲ್ಲವೇ ಕಾಕಾ?

ಗದಗ ಕಾಕಾ: ಅಷ್ಟಕ್ಕೇ ಮಜಾ ಹೋಗುವ ಸಿನಿಮಾ ನಿನ್ನ ಪಟ್ಟಿಯಲ್ಲಿ ಇರಬಾರದು.

ನಾನು: ಕಾಕಾ, ನೀವು ಸುಬ್ಬಣ್ಣ ಅವರ ಹೆಸರು ತೆಗೆದದ್ದು ಬಹಳ ಸಂತೋಷ. ನಾನು ಹೇಳಬೇಕೆಂದಿದ್ದೂ ಅದೇ. ಅವರು ಬರೀ ಪಟ್ಟಿ ಹಂಚಲಿಲ್ಲ. ಜನರನ್ನು ಕೂರಿಸಿದರು, ಕನ್ನಡದಲ್ಲಿ ಮಾತಾಡಿದರು. ಆದರೆ ಕಥೆ ಹೇಳಿದರೆ ಸಾಕು ಅನ್ನುವುದನ್ನು ಒಪ್ಪುವುದಿಲ್ಲ. ಅವ್ವ, ಆ ಸಕ್ಕರೆಯ ವಿಷಯ ನೀನೇ ಹೇಳು.

ಅವ್ವ: ನನಗೆ ಟೈಪ್ ಮಾಡಲು ಹೊತ್ತು ಹಿಡಿಯುತ್ತದೆ. ಹೇಳುತ್ತೇನೆ. ಹೋದ ತಿಂಗಳು ಇವಳು ಧಾರವಾಡದ ಮನೆಯಲ್ಲಿ ಆ ಬೂಟಿನ ಸಿನಿಮಾ ಹಾಕಿದ್ದಳು. ಕೆಳಗೆ ಕನ್ನಡದಲ್ಲಿ ಬರುತ್ತಿತ್ತು. ಅದರಲ್ಲಿ ಅಪ್ಪ ಮಸೀದಿಯ ಸಕ್ಕರೆ ಗಟ್ಟಿ ಒಡೆಯುತ್ತಾ ಕೂತಿರುತ್ತಾನೆ. ಎದುರಿಗೆ ರಾಶಿ ಸಕ್ಕರೆ. ಮಗಳು ಚಹಾ ತಂದುಕೊಡುತ್ತಾಳೆ. ಸಕ್ಕರೆ ತಾ ಅನ್ನುತ್ತಾನೆ. ಇಲ್ಲೇ ಇಷ್ಟೊಂದು ಇದೆಯಲ್ಲ ಅಂತ ಅವಳು. ಇದು ಮಸೀದಿಯದು, ನಮ್ಮ ಮೇಲೆ ನಂಬಿಕೆ ಇಟ್ಟು ಕೊಟ್ಟಿದ್ದಾರೆ ಅಂತ ಅವನು. ಒಂದು ಹರಳು ಮುಟ್ಟುವುದಿಲ್ಲ. ಅಂಗಡಿಯವನ ಸಾಲ ತೀರಿಸಲು ದುಡ್ಡಿಲ್ಲ, ಮನೆ ಬಾಡಿಗೆ ಬಾಕಿ ಇದೆ. ಆದರೂ ಮುಟ್ಟುವುದಿಲ್ಲ. ನನಗೆ ನಮ್ಮ ಅಪ್ಪ ಕಣ್ಣಮುಂದೆ ಬಂದರು. ಜಾತ್ರೆಯ ವಂತಿಗೆ ದುಡ್ಡು ಮನೆಯಲ್ಲಿ ಇರುತ್ತಿತ್ತು, ಬೇರೆ ಡಬ್ಬಿಯಲ್ಲಿ. ನಾವು ಆ ಡಬ್ಬಿಯ ಕಡೆ ನೋಡುತ್ತಲೂ ಇರಲಿಲ್ಲ.

ಗದಗ ಕಾಕಾ: ವೈನಿ, ಇದು ನನಗೆ ನೆನಪೇ ಇಲ್ಲ. ಆ ಸಿನಿಮಾ ನಾನೂ ನೋಡಿದ್ದೇನೆ.

ನಾನು: ಇದೇ ಕಾಕಾ ನಾನು ಹೇಳುವುದು. ಕಥೆ ಹೇಳುವವರು ಅಣ್ಣ ತಂಗಿಗೆ ಒಂದೇ ಜೊತೆ ಬೂಟು ಅನ್ನುತ್ತಾರೆ, ಓಟದ ಸ್ಪರ್ಧೆ ಅನ್ನುತ್ತಾರೆ. ಸಕ್ಕರೆ ಯಾರ ಬಾಯಿಗೂ ಬರುವುದಿಲ್ಲ. ಆ ಎರಡು ಸಾಲು ತಿಳಿಯದಿದ್ದರೆ ಒಬ್ಬ ಮನುಷ್ಯ ಸಕ್ಕರೆ ಒಡೆಯುತ್ತಾ ಚಹಾ ಕುಡಿಯುತ್ತಾನೆ, ಅಷ್ಟೇ ಕಾಣುತ್ತದೆ. ತಿಳಿದರೆ ಆ ಮನೆ ಎಂಥದ್ದು, ಆ ಹುಡುಗ ಯಾಕೆ ಅಷ್ಟು ಹೆದರುತ್ತಾನೆ, ಯಾಕೆ ಅಪ್ಪನ ಮೇಲೆ ಬೂಟಿನ ಭಾರ ಹಾಕಲು ಒಲ್ಲೆ ಅನ್ನುತ್ತಾನೆ, ಎಲ್ಲ ಗೊತ್ತಾಗುತ್ತದೆ. ಇರಾನಿನ ಆ ಮನೆ ನಮ್ಮ ಹಳೇ ಮನೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದನ್ನು ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ತಪ್ಪಿಸುವುದು ನನಗೆ ಸಹಿಸಲು ಆಗುವುದಿಲ್ಲ.

ಹಾವೇರಿ ಅತ್ತೆ: ಕನ್ನಡದಲ್ಲಿ ಎಲ್ಲಿಂದ ಬಂತು? ಅಂಗಡಿಯಲ್ಲಿ ಸಿಗುತ್ತದೆಯೇ?

ನಾನು: ಇಲ್ಲ ಅತ್ತೆ, ನಾನು ಬರೆದದ್ದು. ಸಬ್‌ಟೈಟಲ್ ಅಂದರೆ ಒಂದು ಸಾದಾ ಬರಹದ ಫೈಲ್, ಎಸ್‌ಆರ್‌ಟಿ ಅಂತಾರೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕಾಣುತ್ತದೆ. ಮೊದಲು ಒಂದು ನಂಬರ್. ಅದರ ಕೆಳಗೆ ಆ ಸಾಲು ಯಾವ ಸೆಕೆಂಡಿಗೆ ಬರಬೇಕು, ಯಾವ ಸೆಕೆಂಡಿಗೆ ಹೋಗಬೇಕು ಅನ್ನುವ ಸಮಯ. ಅದರ ಕೆಳಗೆ ಮಾತು. ಆಮೇಲೆ ಒಂದು ಖಾಲಿ ಸಾಲು. ಮುಗಿಯುವವರೆಗೂ ಇಷ್ಟೇ. ಸಮಯ ಮುಟ್ಟಬಾರದು, ಇಂಗ್ಲಿಷ್ ಮಾತು ತೆಗೆದು ಕನ್ನಡ ಹಾಕಬೇಕು. ಉಳಿಸುವಾಗ ಯುಟಿಎಫ್-8 ಅಂತ ಆರಿಸಬೇಕು, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಬರುತ್ತವೆ. ಪೆನ್‌ಡ್ರೈವ್ ನೇರವಾಗಿ ಟಿವಿಗೆ ಚುಚ್ಚಿದರೆ ಎಷ್ಟೋ ಟಿವಿಗಳಲ್ಲಿ ಅಕ್ಷರದ ಬದಲು ಚೌಕ ಕಾಣುತ್ತವೆ, ಒತ್ತಕ್ಷರ ಬೇರೆ ಬೇರೆ ಬೀಳುತ್ತವೆ. ಹಾಗಾಗಿ ಡಿವಿಡಿ ಲ್ಯಾಪ್‌ಟಾಪಿಗೆ ಹಾಕಿ, ವಿಎಲ್‌ಸಿ ಅನ್ನುವ ಪ್ಲೇಯರ್‌ನಲ್ಲಿ ನಮ್ಮ ಫೈಲ್ ಸೇರಿಸಿ, ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಕೊಟ್ಟೆ. ಕಷ್ಟದ ಕೆಲಸ ಒಂದೇ, ಸಾಲು ಚಿಕ್ಕದಾಗಿರಬೇಕು. ಅವ್ವ ಒಂದು ಸಲ ಕಣ್ಣು ಇಳಿಸಿ ಎತ್ತುವುದರೊಳಗೆ ಮುಗಿಯಬೇಕು. ಮಕ್ಕಳ ಮಾತು ನಮ್ಮ ಓಣಿಯ ಮಕ್ಕಳ ಮಾತಿನ ಹಾಗೇ ಇರಬೇಕು.

ಪುಣೆ ತಮ್ಮ: ಅಕ್ಕ, ಅದು ಇಂಗ್ಲಿಷಿನಿಂದ ಮಾಡಿದ್ದಲ್ವಾ? ಪರ್ಶಿಯನ್‌ನಿಂದ ಇಂಗ್ಲಿಷಿಗೆ ಬರುವಾಗಲೇ ಎಷ್ಟೋ ಉದುರಿರುತ್ತದೆ. ಮತ್ತೆ ಅದರಿಂದ ಕನ್ನಡಕ್ಕೆ?

ನಾನು: ಉದುರುತ್ತದೆ. ಆದರೆ ಟಾಲ್‌ಸ್ಟಾಯ್, ಚೆಕಾಫ್ ಕನ್ನಡಕ್ಕೆ ಬಂದದ್ದೂ ಬಹಳ ಮಟ್ಟಿಗೆ ಇಂಗ್ಲಿಷ್ ಮೂಲಕವೇ ಅಲ್ವಾ? ಹಾಗಂತ ಓದುವುದು ಬಿಟ್ಟೆವಾ? ಪರ್ಶಿಯನ್ ಬಲ್ಲ ಕನ್ನಡಿಗರು ಸಿಕ್ಕಾಗ ತಿದ್ದಿಸೋಣ. ಅಲ್ಲಿಯವರೆಗೆ ಅವ್ವ ಕಾಯಬೇಕಾಗಿಲ್ಲ.

ಪುಣೆ ತಮ್ಮ: ಹಾಗಾದರೆ ನಾನು ಪಟ್ಟಿ ಕಳಿಸಿದ್ದೇ ತಪ್ಪು ಅನ್ನುತ್ತೀಯಾ?

ನಾನು: ಖಂಡಿತ ಅಲ್ಲ. ಪಟ್ಟಿ ಚೆನ್ನಾಗಿದೆ. ಸತ್ಯಜಿತ್ ರಾಯ್ 1950ರಲ್ಲಿ ಲಂಡನ್‌ನಲ್ಲಿ ಬೈಸಿಕಲ್ ಥೀವ್ಸ್ ನೋಡಿದ್ದು ಪಥೇರ್ ಪಾಂಚಾಲಿಗೆ ಕಾರಣವಾಯಿತು. ಕಾಕಾ ಕನ್ನಡ ಎಲ್ಲಿ ಅಂತ ಕೇಳಿದರಲ್ಲ, ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ರಶೋಮನ್ ಮಾಡಿದ ಕುರೊಸಾವಾನ ಸಿನಿಮಾ ಮೆಚ್ಚಿಕೊಂಡೇ 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ಒಳ್ಳೆಯ ಸಿನಿಮಾ ಹೀಗೆ ಊರಿಂದ ಊರಿಗೆ ದಾಟುತ್ತದೆ. ನಾನು ಕೇಳುವುದು ಇಷ್ಟೇ. ಒಂದೇ ಒಂದನ್ನು ಆರಿಸು. ಅದು ನಿನಗೆ ಯಾಕೆ ಹಿಡಿಸಿತು ಹೇಳು. ಅದನ್ನು ಅವ್ವನಿಗೆ, ಅತ್ತೆಗೆ ಮುಟ್ಟಿಸುವ ಕೆಲಸವನ್ನೂ ತೆಗೆದುಕೋ.

ಪುಣೆ ತಮ್ಮ: ಟೋಕಿಯೊ ಸ್ಟೋರಿ. ಓಜು ಮಾಡಿದ್ದು. ವಯಸ್ಸಾದ ಗಂಡ ಹೆಂಡತಿ ಒನೊಮಿಚಿ ಅನ್ನುವ ಊರಿನಿಂದ ಟೋಕಿಯೊಗೆ ಮಕ್ಕಳ ಮನೆಗೆ ಬರುತ್ತಾರೆ. ಮಗ ಡಾಕ್ಟರ್, ಮಗಳಿಗೆ ಬ್ಯೂಟಿ ಪಾರ್ಲರ್. ಇಬ್ಬರಿಗೂ ಪುರಸೊತ್ತಿಲ್ಲ. ಅಟಾಮಿಯ ಬಿಸಿನೀರಿನ ಊರಿಗೆ ಅಂತ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯಿಡೀ ಗದ್ದಲ, ಮುದುಕರಿಗೆ ನಿದ್ದೆ ಇಲ್ಲ. ರಜೆ ಹಾಕಿ ಊರು ತೋರಿಸುವವಳು ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಸೊಸೆ. ಯಾರೂ ಕೆಟ್ಟವರಲ್ಲ, ಯಾರೂ ಕೂಗಾಡುವುದಿಲ್ಲ. ಕ್ಯಾಮೆರಾ ಚಾಪೆಯ ಮೇಲೆ ಕೂತವರ ಎತ್ತರದಲ್ಲೇ ಇರುತ್ತದೆ. ನಾವೂ ಅವರ ಜೊತೆ ನೆಲದ ಮೇಲೆ ಕೂತ ಹಾಗೆ. ಅವ್ವ, ನೀನೂ ಅಪ್ಪನೂ ಪುಣೆಗೆ ಬಂದಾಗ ನನಗೆ ಎರಡು ದಿನ ರಜೆ ಸಿಕ್ಕಿರಲಿಲ್ಲ. ಆಮೇಲೆ ಇದನ್ನು ನೋಡಿದೆ.

ಅವ್ವ: ನೀನು ಕೆಲಸಕ್ಕೆ ಹೋಗಿದ್ದೆ. ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಸಿನಿಮಾ ನೋಡುತ್ತೇನೆ.

ಹಾವೇರಿ ಅತ್ತೆ: ನನಗೂ ಇದು ಬೇಕು. ಹೀಗೆ ಬರೆದಿದ್ದರೆ ಬೆಳಿಗ್ಗೆಯೇ ಕೇಳುತ್ತಿದ್ದೆ.

ಬೆಂಗಳೂರು ಅಣ್ಣ: ಡಬ್ಬಿಂಗ್ ಬೇಕು ಅನ್ನುವುದನ್ನು ನಾನು ಬಿಡುವುದಿಲ್ಲ. ಕಣ್ಣಿಗೆ ಕಷ್ಟ ಇರುವವರು, ಓದಲು ಬಾರದವರು ಇದ್ದಾರೆ. ಆದರೆ ಇದಕ್ಕೆ ಅರ್ಧ ನಾನೂ ಟೈಪ್ ಮಾಡುತ್ತೇನೆ.

ನಾನು: ಓದಲು ಬಾರದವರ ಮಾತು ನಿಜ ಅಣ್ಣ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವರ ಪಕ್ಕದಲ್ಲಿ ಒಬ್ಬರು ಕೂತು ಓದಿ ಹೇಳಬೇಕು. ತಮ್ಮ ಮೊದಲರ್ಧ ಮಾಡಲಿ, ನೀವು ಉಳಿದದ್ದು ಮಾಡಿ. ಮಾತು ಒಂದೇ ಥರ ಇರುವ ಹಾಗೆ ಕೊನೆಗೆ ನಾನು ಪೂರ್ತಿ ನೋಡುತ್ತೇನೆ.

ಗದಗ ಕಾಕಾ: ಸಿನಿಮಾ ಶುರುವಾಗುವ ಮೊದಲು ಹತ್ತು ನಿಮಿಷ ನಾನು ಮಾತಾಡುತ್ತೇನೆ. ಯುದ್ಧ ಮುಗಿದ ಮೇಲಿನ ಜಪಾನ್ ಹೇಗಿತ್ತು ಅಂತ ಹೇಳಬೇಕು, ಇಲ್ಲದಿದ್ದರೆ ಆ ಸೊಸೆ ಅರ್ಥ ಆಗುವುದಿಲ್ಲ.

ನಾನು: ಹೇಳಿ ಕಾಕಾ. ಕೊನೆ ಮಾತ್ರ ಹೇಳಬೇಡಿ.

ಗದಗ ಕಾಕಾ: ಸರಿ. ಫೈಲ್ ತಯಾರಾದ ಮೇಲೆ ದಿನ ತಿಳಿಸಿ, ಧಾರವಾಡಕ್ಕೆ ಬರುತ್ತೇನೆ.