ಸಾಲ್ಟೇರ್‌ನಲ್ಲಿ ಲಿಸ್ಟೆಡ್ ಮನೆ ಕೊಳ್ಳುವ ಮುನ್ನ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಮೀಪದ ಸಾಲ್ಟೇರ್‌ನಲ್ಲಿ ಹಳೆಯ ಕಲ್ಲಿನ ಸಾಲುಮನೆಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಅದು ಗ್ರೇಡ್ ಟು ಲಿಸ್ಟೆಡ್ ಕಟ್ಟಡವೆಂದು, ಅಂದರೆ ಸಂರಕ್ಷಿಸಬೇಕಾದ ಹಳೆಯ ಕಟ್ಟಡಗಳ ಅಧಿಕೃತ ಪಟ್ಟಿಯಲ್ಲಿರುವುದೆಂದು, ಏಜೆಂಟರು ತಿಳಿಸಿದ್ದಾರೆ. ಮುಂಭಾಗದಲ್ಲಿ ಪ್ಲಾಸ್ಟಿಕ್ ಕಿಟಕಿಗಳಿವೆ, ಅಡುಗೆಮನೆಯ ಗೋಡೆಯ ಬುಡದಲ್ಲಿ ತೇವವಿದೆ. ನಿರ್ಬಂಧವೆಲ್ಲ ಹೊರನೋಟಕ್ಕೆ ಮಾತ್ರ, ಒಳಗೆ ಏನು ಬೇಕಾದರೂ ಮಾಡಿಸಬಹುದೆಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ನಿಜವೇ?

ಉತ್ತರ (ಸಂರಕ್ಷಣಾ ವಾಸ್ತುಶಿಲ್ಪಿ): ನಮಸ್ಕಾರ. ಇದು ನಿಜವಲ್ಲ. ಲಿಸ್ಟೆಡ್ ಎಂದರೆ ಇಡೀ ಕಟ್ಟಡಕ್ಕೆ, ಒಳಗೂ ಹೊರಗೂ, ರಕ್ಷಣೆಯಿದೆ ಎಂದರ್ಥ. ಮೆಟ್ಟಿಲು, ಒಲೆಗೂಡು, ಹಳೆಯ ಬಾಗಿಲು, ಒಳಗೋಡೆ ಎಲ್ಲವೂ ಅದರಲ್ಲಿ ಸೇರುತ್ತವೆ. ಅಧಿಕೃತ ಪಟ್ಟಿಯಲ್ಲಿರುವ ವಿವರಣೆಯಲ್ಲಿ ಒಲೆಗೂಡಿನ ಪ್ರಸ್ತಾಪವಿಲ್ಲ, ಆದ್ದರಿಂದ ಅದನ್ನು ಕೀಳಬಹುದು ಎಂದು ವಾದಿಸುವವರಿದ್ದಾರೆ. ಆದರೆ ಹಳೆಯ ನಮೂದುಗಳಲ್ಲಿನ ಆ ನಾಲ್ಕಾರು ಸಾಲುಗಳನ್ನು ಬರೆದದ್ದು ಕಟ್ಟಡವನ್ನು ಗುರುತಿಸುವುದಕ್ಕೇ ಹೊರತು, ರಕ್ಷಣೆಯುಳ್ಳ ಭಾಗಗಳನ್ನು ಎಣಿಸುವುದಕ್ಕಲ್ಲ.

ನೀವು ಆರಿಸಿಕೊಂಡ ಊರು ಸಾಮಾನ್ಯವಾದುದಲ್ಲ. ಟೈಟಸ್ ಸಾಲ್ಟ್ ಎಂಬ ಉಣ್ಣೆ ಉದ್ಯಮಿ ಬ್ರಾಡ್‌ಫರ್ಡ್‌ನ ಹೊಗೆ, ಕೊಳಕುಗಳಿಂದ ದೂರ, ಏರ್ ನದಿಯ ಪಕ್ಕದಲ್ಲಿ 1853ರಲ್ಲಿ ಗಿರಣಿಯನ್ನು ತೆರೆದು, ಮುಂದಿನ ಎರಡು ದಶಕಗಳಲ್ಲಿ ಕಾರ್ಮಿಕರಿಗಾಗಿ ಮನೆ, ಶಾಲೆ, ಆಸ್ಪತ್ರೆ, ಚರ್ಚುಗಳನ್ನು ಒಂದೇ ಯೋಜನೆಯಡಿ ಕಟ್ಟಿಸಿದರು. ವಿನ್ಯಾಸ ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳದು. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಲ್ಲಿನ ಬೀದಿಯ ಅಂದವಿರುವುದೇ ಒಂದರ ಪಕ್ಕ ಒಂದು ಹೊಂದಿಕೊಂಡು ನಿಂತ ಮನೆಗಳಲ್ಲಿ. ಒಂದೇ ಮನೆಯ ಕಿಟಕಿ ಬದಲಾದರೂ ಆ ಸಾಲಿನ ಲಯ ಕೆಡುತ್ತದೆ. ಅಧಿಕಾರಿಗಳು ಕಿಟಕಿಯ ಚೌಕಟ್ಟಿನ ದಪ್ಪವನ್ನೂ ಅಳೆದು ನೋಡುವುದನ್ನು ಕಿರಿಕಿರಿ ಎಂದು ಭಾವಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನನಗೆ ಹೆಚ್ಚು ಚಿಂತೆಯಿರುವುದು ಆ ಪ್ಲಾಸ್ಟಿಕ್ ಕಿಟಕಿಗಳ ಬಗ್ಗೆಯೇ. ಅವನ್ನು ಮನೆ ಪಟ್ಟಿಗೆ ಸೇರುವ ಮೊದಲೇ ಹಾಕಿದ್ದರೆ, ಅಥವಾ ಸ್ಥಳೀಯ ಕೌನ್ಸಿಲ್‌ನ ಅನುಮತಿ ಪಡೆದೇ ಹಾಕಿದ್ದರೆ, ತೊಂದರೆಯಿಲ್ಲ. ಅನುಮತಿಯಿಲ್ಲದೆ ಹಾಕಿಸಿದ್ದರೆ, ಲಿಸ್ಟೆಡ್ ಕಟ್ಟಡಗಳ ಕುರಿತ 1990ರ ಕಾಯ್ದೆಯಂತೆ ಅದು ಅಪರಾಧ. ಗರಿಷ್ಠ ಶಿಕ್ಷೆ 2 ವರ್ಷಗಳ ಸೆರೆವಾಸ, ದಂಡಕ್ಕೆ ಮಿತಿಯೇ ಇಲ್ಲ. ಅಪರಾಧದ ಹೊಣೆ ಮಾಡಿದವರದೇ, ನಿಜ. ಆದರೆ ಅದನ್ನು ಸರಿಪಡಿಸಬೇಕೆಂಬ ನೋಟಿಸು ಈಗಿನ ಮಾಲೀಕರಿಗೆ ಬರುತ್ತದೆ, ಅಂದರೆ ನಾಳೆ ನಿಮಗೆ. ಇತರ ಪ್ಲಾನಿಂಗ್ ಉಲ್ಲಂಘನೆಗಳಿಗಿರುವ ಕಾಲಮಿತಿ ಇಲ್ಲಿಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲೇ, ಆ ಕಿಟಕಿಗಳ ಅನುಮತಿಪತ್ರವನ್ನು ಕೇಳಿ ಪಡೆಯುವಂತೆ ಖರೀದಿ ನೋಡಿಕೊಳ್ಳುವ ನಿಮ್ಮ ವಕೀಲರಿಗೆ (ಸಾಲಿಸಿಟರ್) ಬರಹದಲ್ಲಿ ತಿಳಿಸಿ. ಪತ್ರವಿಲ್ಲದಿದ್ದರೆ ಮರದ ಸ್ಯಾಶ್ ಕಿಟಕಿ (ಮೇಲೆ ಕೆಳಗೆ ಜಾರಿಸಿ ತೆರೆಯುವ ಕಿಟಕಿ) ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಇನ್ಶೂರೆನ್ಸ್ ಮಾಡಿಸಿದರೆ ಸಾಕು ಎನ್ನುವವರೂ ಸಿಗುತ್ತಾರೆ. ಅದು ನಷ್ಟವನ್ನು ಭರಿಸಬಹುದೇ ವಿನಾ, ಅಕ್ರಮವನ್ನು ಸಕ್ರಮಗೊಳಿಸುವುದಿಲ್ಲ.

ತೇವದ ವಿಷಯದಲ್ಲಿ ಆತುರ ಬೇಡ. ಈ ಕಾಲದ ಕಲ್ಲಿನ ಗೋಡೆಗಳನ್ನು ಸುಣ್ಣದ ಗಾರೆಯಲ್ಲಿ ಕಟ್ಟಲಾಗಿದೆ. ಒಳಹೊಕ್ಕ ನೀರು ಕಲ್ಲುಗಳ ನಡುವಿನ ಸಂದುಗಳ ಮೂಲಕ ಆರಿಹೋಗುತ್ತದೆ. ನಮ್ಮೂರಿನ ಹಳೆಯ ಮನೆಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಯಾರಾದರೂ ಆ ಸಂದುಗಳಿಗೆ ಸಿಮೆಂಟು ಮೆತ್ತಿದ್ದರೆ ನೀರಿಗೆ ದಾರಿ ತಪ್ಪುತ್ತದೆ, ಅದು ಕಲ್ಲಿನ ಮೂಲಕವೇ ಹೊರಬರಲು ಹವಣಿಸುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಕಲ್ಲಿನ ಮೈ ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿ ಬಿಡುತ್ತದೆ. ಒಮ್ಮೆ ಮಳೆ ಬರುವಾಗ ಹೋಗಿ ನೋಡಿ: ಸೂರಿನ ದೋಣಿ ತುಂಬಿ ಹರಿಯುತ್ತಿದೆಯೇ, ಇಳಿಕೊಳವೆಯ ಕೀಲು ಸೋರುತ್ತಿದೆಯೇ, ಹಿತ್ತಲಿನ ನೆಲ ಒಳನೆಲಕ್ಕಿಂತ ಎತ್ತರವಿದೆಯೇ? ಗೋಡೆಗೆ ರಂಧ್ರ ಕೊರೆದು ರಾಸಾಯನಿಕ ತುಂಬುವ ಕೆಲಸಕ್ಕೆ ಒಪ್ಪುವ ಮೊದಲು, ಯಾವ ಉತ್ಪನ್ನವನ್ನೂ ಮಾರದ ಸರ್ವೇಯರ್ ಒಬ್ಬರಿಂದ ತಪಾಸಣೆ ಮಾಡಿಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಸರ್, ನಮ್ಮದೂ ಅಂಥದ್ದೇ ಮನೆ. ದಿನವೂ ಒಗ್ಗರಣೆ, ಕುಕ್ಕರಿನ ಹಬೆ. ಹೊಗೆ ಹೊರಹಾಕುವ ಫ್ಯಾನಿಗಾಗಿ ಗೋಡೆ ಕೊರೆಯಬಹುದೇ? ಅನುಮತಿಗೆ ಎಷ್ಟು ಖರ್ಚಾಗುತ್ತದೆ?

ಉತ್ತರ: ಮೇಡಂ, ಹಳೆಯ ಕಲ್ಲಿನ ಗೋಡೆಯಲ್ಲಿ ಹೊಸ ರಂಧ್ರ ಮಾಡುವುದಕ್ಕೆ ಅನುಮತಿ ಬೇಕೆಂದೇ ಭಾವಿಸಿ ಮುಂದುವರಿಯಿರಿ. ಅರ್ಜಿಗೆ ಕೌನ್ಸಿಲ್ ಶುಲ್ಕವಿಲ್ಲ. ನಕ್ಷೆ ಬರೆಸುವ ಖರ್ಚು ನಿಮ್ಮದು. ತೀರ್ಮಾನಕ್ಕೆ ನಿಗದಿಯಾದ ಅವಧಿ ಸಾಮಾನ್ಯವಾಗಿ 8 ವಾರ. ಹಳೆಯ ಚಿಮಣಿಯ ಕೊಳವೆ ಬಳಕೆಯಲ್ಲಿಲ್ಲದಿದ್ದರೆ ಅದರೊಳಗಿಂದಲೇ ನಾಳವನ್ನು ಒಯ್ಯಲು ಸಾಧ್ಯವೇ ಎಂದು ಮೊದಲು ಪರೀಕ್ಷಿಸಿ. ಇಲ್ಲವಾದರೆ ಹಿಂಬದಿಯ ಗೋಡೆಯಲ್ಲಿ, ಕಲ್ಲಿಗೆ ಆದಷ್ಟು ಕಡಿಮೆ ಹಾನಿಯಾಗುವಂಥ ಜಾಗವನ್ನು ನಕ್ಷೆಯಲ್ಲಿ ತೋರಿಸಿ. ಫ್ಯಾನು ಖಂಡಿತ ಬೇಕು. ಹಬೆ ಒಳಗೇ ಉಳಿದರೆ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಇಳಿದು ಬೂಷ್ಟು ಹಿಡಿಯುತ್ತದೆ. ಗೋಡೆಯ ಮೂಲಕ ಬಂದ ತೇವವೆಂದು ಅನೇಕರು ತಪ್ಪಾಗಿ ತಿಳಿಯುವುದು ಇದನ್ನೇ.